ಬಳ್ಳಾರಿಯಲ್ಲಿ ಶುರುವಾದದ್ದು

ಬೆಂಗಳೂರಿನ ಹೊಸೂರು ರಸ್ತೆಯ ನಿಮ್ಹಾನ್ಸ್ ಗೊತ್ತಲ್ಲ? ಹಳಬರನ್ನು ಕೇಳಿ, ಅವರ ಬಾಯಲ್ಲಿ ಅದು ಇವತ್ತಿಗೂ ‘ಹುಚ್ಚಾಸ್ಪತ್ರೆ’ಯೇ. ಮೈಸೂರು ಸಂಸ್ಥಾನದ ಕಾಲದ ಆ ಆಸ್ಪತ್ರೆ 1974ರಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯ ಜೊತೆ ಸೇರಿ ನಿಮ್ಹಾನ್ಸ್ ಆಯ್ತು.

ಅಮೆರಿಕದಲ್ಲಿ 1963ರಲ್ಲಿ ಅಧ್ಯಕ್ಷ ಕೆನಡಿ ಸಮುದಾಯ ಮಾನಸಿಕ ಆರೋಗ್ಯ ಕಾನೂನಿಗೆ ಸಹಿ ಹಾಕಿದಾಗ, ಅಲ್ಲಿನ ಸರ್ಕಾರಿ ಮಾನಸಿಕ ಆಸ್ಪತ್ರೆಗಳಲ್ಲಿ ಸುಮಾರು 5 ಲಕ್ಷ ಜನ ಇದ್ದರು. ಅವರನ್ನು ಹೊರಗೆ ತರೋದು ಹೇಗೆ ಅನ್ನೋದು ಅಲ್ಲಿನ ಚಿಂತೆ. ನಮ್ಮ ಕಥೆ ಉಲ್ಟಾ! 1946ರ ಭೋರ್ ಸಮಿತಿ ಲೆಕ್ಕ ಹಾಕಿದಾಗ ಇಡೀ ದೇಶಕ್ಕೆ ಇದ್ದದ್ದು ಸುಮಾರು 10 ಸಾವಿರ ಹಾಸಿಗೆ. ಉಳಿದವರೆಲ್ಲ ಎಲ್ಲಿದ್ದರು? ಮನೆಯ ಹಿಂದಿನ ಕೋಣೆಯಲ್ಲಿ, ದೇವಸ್ಥಾನದ ಜಗಲಿಯಲ್ಲಿ, ದರ್ಗಾದ ಅಂಗಳದಲ್ಲಿ.

ಹಾಗಾಗಿ 1975ರಲ್ಲಿ ನಿಮ್ಹಾನ್ಸ್ ವೈದ್ಯರು ಸಮುದಾಯ ಮನೋವೈದ್ಯಕೀಯ ಘಟಕ ಕಟ್ಟಿಕೊಂಡು ಬನ್ನೇರುಘಟ್ಟದ ಹತ್ತಿರದ ಸಕಲವಾರಕ್ಕೆ ಹೊರಟರು. ಊರಿನ ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರಿಗೆ, ಮನೆಮನೆಗೆ ಹೋಗುವ ಆರೋಗ್ಯ ಕಾರ್ಯಕರ್ತೆಗೆ ಒಂದಿಷ್ಟು ತರಬೇತಿ ಕೊಟ್ಟರೆ ಚಿತ್ತವಿಕಲತೆ, ಮೂರ್ಛೆರೋಗ ಗುರುತಿಸಿ ಔಷಧ ಕೊಡಬಹುದಾ? ಕೊಡಬಹುದು ಅಂತ ತೋರಿಸಿದರು. 1982ರಲ್ಲಿ ರಾಷ್ಟ್ರೀಯ ಮಾನಸಿಕ ಆರೋಗ್ಯ ಕಾರ್ಯಕ್ರಮ ಬಂತು. ಆದರೆ ದೆಹಲಿಯ ಕಾಗದ ಹಳ್ಳಿಗೆ ತಲುಪುತ್ತಾ? 1985ರಿಂದ ಬಳ್ಳಾರಿ ಜಿಲ್ಲೆಯಲ್ಲಿ ಪರೀಕ್ಷೆ ನಡೆಯಿತು. ಎಣಿಸಿದಷ್ಟೇ ಬಗೆಯ ಮಾತ್ರೆಗಳು, ಸರಳವಾದ ದಾಖಲೆ ಪುಸ್ತಕ, ಜಿಲ್ಲಾ ಮಟ್ಟದಲ್ಲಿ ಮನೋವೈದ್ಯರ ಬೆಂಬಲ. 1996ರಲ್ಲಿ ಕೇಂದ್ರ ಸರ್ಕಾರ ಇದೇ ಮಾದರಿಯನ್ನು ದೇಶದ 4 ಜಿಲ್ಲೆಗಳಲ್ಲಿ ಆರಂಭಿಸಿತು. ನೋಡಿ, ಗಣಿ ಧೂಳಿಗೆ ಹೆಸರಾದ ಬಳ್ಳಾರಿಗೆ ಈ ಕೀರ್ತಿಯನ್ನ ಯಾರೂ ಕೊಡಲ್ಲ!

ವೇಗ ಮಾತ್ರ ಸಾಲಲಿಲ್ಲ. 2001ರ ಆಗಸ್ಟ್ 6, ತಮಿಳುನಾಡಿನ ಏರವಾಡಿ. ದರ್ಗಾ ಪಕ್ಕದ ಖಾಸಗಿ ಆಶ್ರಯಧಾಮಕ್ಕೆ ಬೆಂಕಿ ಬಿತ್ತು. ಸರಪಳಿ ಹಾಕಿದ್ದವರು ಓಡೋಕಾಗಲಿಲ್ಲ. 28 ಜನ ಸತ್ತರು. ಅವರನ್ನು ಅಲ್ಲಿ ಬಿಟ್ಟ ಮನೆಯವರನ್ನ ಬೈಯೋದು ಸುಲಭ. ಅವರ ತಾಲ್ಲೂಕಲ್ಲಿ ಚಿಕಿತ್ಸೆ ಏನಿತ್ತು ಅಂತ ಆಮೇಲೆ ಯಾರು ಕೇಳಿದರು?

2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಸರಪಳಿಯನ್ನು ನಿಷೇಧಿಸಿದೆ. ಮನೆಯವರು ಬೇಡ ಅಂದರು ಅಂತ ಯಾರನ್ನೂ ಆಸ್ಪತ್ರೆಯಲ್ಲೇ ಉಳಿಸಿಕೊಳ್ಳುವ ಹಾಗಿಲ್ಲ ಅಂತಲೂ ಹೇಳಿದೆ. ಹಾಗಾದರೆ ಅವರು ಹೋಗಬೇಕಾದದ್ದು ಎಲ್ಲಿಗೆ? ಊರಲ್ಲಿ ಮಾತ್ರೆ ಬೇಕು, ವಿಚಾರಿಸೋ ಮನುಷ್ಯರು ಬೇಕು. ಕರ್ನಾಟಕದ ತಾಲ್ಲೂಕು ಆಸ್ಪತ್ರೆಗಳಲ್ಲಿ ‘ಮನೋಚೈತನ್ಯ’ ಅಂತ ಮಂಗಳವಾರದ ಕ್ಲಿನಿಕ್ ಇದೆ. ಒಂದು ಮಂಗಳವಾರ ನಿಮ್ಮ ತಾಲ್ಲೂಕು ಆಸ್ಪತ್ರೆಗೆ ಹೋಗಿ ವಿಚಾರಿಸಿ. ಮನೋವೈದ್ಯರು ಬಂದಿದ್ದಾರಾ, ಈ ತಿಂಗಳ ಮಾತ್ರೆ ಇದೆಯಾ?