ವೇಳಾಪಟ್ಟಿಯ ಕಗ್ಗಂಟು

ಹೊಸ ಸೆಮಿಸ್ಟರಿನ ಮೊದಲ ವಾರ ನಮ್ಮ ಕಾಲೇಜಿನ ಅಧ್ಯಾಪಕರ ಕೊಠಡಿಯ ಮಾತುಕತೆಯನ್ನು ಹೊರಗಿನವರು ಕೇಳಿದರೆ, ಒಳಗೆ ಅಣ್ಣತಮ್ಮಂದಿರು ಆಸ್ತಿ ಪಾಲು ಮಾಡಿಕೊಳ್ಳುತ್ತಿದ್ದಾರೆಂದೇ ತಿಳಿದಾರು. ನಾವು ಪಾಲು ಮಾಡಿಕೊಳ್ಳುವುದು ಗಂಟೆಗಳನ್ನು. ಬೆಳಗಿನ ಚುರುಕು ಗಂಟೆ ಯಾರಿಗೆ, ಊಟವಾದ ಮೇಲಿನ ತೂಕಡಿಕೆಯ ಗಂಟೆ ಯಾರಿಗೆ? ಕನ್ನಡದ ಮೇಷ್ಟರ ಪಾಲಿಗೆ ಸಾಮಾನ್ಯವಾಗಿ ಎರಡನೆಯದು. ಈಚೆಗೆ ಈ ಹಂಚಿಕೆಯನ್ನು ಕಂಪ್ಯೂಟರಿಗೆ ಒಪ್ಪಿಸಿದ್ದೇವೆ. ಜಗಳ ಮಾತ್ರ ನಮ್ಮಲ್ಲೇ ಉಳಿದಿದೆ.

ವೇಳಾಪಟ್ಟಿಯೆಂಬುದೇ ಇಲ್ಲದ ಕಾಲವೊಂದಿತ್ತು. ಬಳ್ಳಾರಿಯ ಕಲೆಕ್ಟರಾಗಿದ್ದ ಎ. ಡಿ. ಕ್ಯಾಂಪ್‌ಬೆಲ್ 1823ರಲ್ಲಿ ತನ್ನ ಜಿಲ್ಲೆಯ ಶಾಲೆಗಳ ಬಗ್ಗೆ ಮದರಾಸಿಗೆ ವರದಿ ಬರೆದು ಕಳುಹಿಸಿದ. 533 ಶಾಲೆಗಳು, 6,641 ಮಕ್ಕಳು. ಆ ಶಾಲೆಗಳಲ್ಲಿ 235 ಕನ್ನಡದವು. ಬೆಳಗ್ಗೆ ಆರಕ್ಕೇ ಪಾಠ ಆರಂಭ. ಮೊದಲು ಬಂದ ಹುಡುಗನ ಅಂಗೈ ಮೇಲೆ ಸರಸ್ವತಿಯ ಹೆಸರು. ಎರಡನೆಯವನಿಗೆ ಒಂದು ಸೊನ್ನೆ, ಅಂದರೆ ಹೊಗಳಿಕೆಯೂ ಇಲ್ಲ, ತೆಗಳಿಕೆಯೂ ಇಲ್ಲ. ಮೂರನೆಯವನಿಗೆ ಮೆಲ್ಲಗೆ ಒಂದು ಏಟು, ನಾಲ್ಕನೆಯವನಿಗೆ ಎರಡು, ಹೀಗೆ ಬಂದ ಸರದಿಯಂತೆ ಏರುತ್ತ ಹೋಗುತ್ತಿತ್ತು. ಕೊನೆಗೆ ಬಂದವನ ಗತಿಯನ್ನು ವಾಚಕರೇ ಊಹಿಸಿಕೊಳ್ಳಲಿ. ಹುಡುಗರನ್ನು ಕಲಿಕೆಗೆ ತಕ್ಕಂತೆ ಗುಂಪು ಮಾಡಿ, ಚಿಕ್ಕವರನ್ನು ಹಿರಿಯ ಹುಡುಗರ ವಶಕ್ಕೆ ಬಿಡುತ್ತಿದ್ದರು. ಇರುವುದು ಒಬ್ಬರೇ ಐಗಳು, ಒಂದೇ ಜಗುಲಿ. ಒಬ್ಬ ಮೇಷ್ಟರು ಎರಡು ಕಡೆ ಇರಬೇಕಾದ ಪ್ರಸಂಗವೇ ಅಲ್ಲಿ ಹುಟ್ಟುವಂತಿರಲಿಲ್ಲ.

ಆ ಪ್ರಸಂಗ ಹುಟ್ಟಿದ್ದು ವಿಷಯಕ್ಕೊಬ್ಬ ಮೇಷ್ಟರು, ವರ್ಷಕ್ಕೊಂದು ತರಗತಿ ಎಂಬ ಹೊಸ ಏರ್ಪಾಡಿನಿಂದ. ಬೆಂಗಳೂರಿನಲ್ಲಿ 1858ರಲ್ಲಿ ಹೈಸ್ಕೂಲೊಂದು ಆರಂಭವಾಯಿತು. 1875ರಲ್ಲಿ ಅದಕ್ಕೆ ಸೆಂಟ್ರಲ್ ಕಾಲೇಜೆಂಬ ಹೆಸರು ಬಂತು. 1898ರ ಪ್ಲೇಗಿನ ತರುವಾಯ ಮಲ್ಲೇಶ್ವರ, ಬಸವನಗುಡಿಗಳು ಬೆಳೆದವು. 1917ರಲ್ಲಿ ಆನಿ ಬೆಸೆಂಟರ ಪ್ರೇರಣೆಯಿಂದ ಬಸವನಗುಡಿಯಲ್ಲಿ ನ್ಯಾಷನಲ್ ಹೈಸ್ಕೂಲು ಬಂತು. ಬಡಾವಣೆಯ ಮನೆಗಳೂ ಶಾಲೆಯ ಗಂಟೆಗೆ ಹೊಂದಿಕೊಂಡು ಒಲೆ ಹಚ್ಚತೊಡಗಿದವು.

ನಾನು ಓದಿದ್ದು ಬಸವನಗುಡಿಯ ಒಂದು ಸಣ್ಣ ಶಾಲೆಯಲ್ಲಿ, ತೊಂಬತ್ತರ ದಶಕದ ಆರಂಭದಲ್ಲಿ. ನಮ್ಮ ಗಣಿತದ ಮೇಷ್ಟರು ಬೇಸಗೆ ರಜೆಯ ಕೊನೆಯ ಭಾನುವಾರ ಹಳೆಯ ಮದುವೆ ಕರೆಯೋಲೆಗಳನ್ನು ಚೂರು ಚೂರು ಕತ್ತರಿಸಿ, ಮೇಷ್ಟರಿಗೊಂದು ಬಣ್ಣದಂತೆ ವಿಂಗಡಿಸಿ, ಪಡಸಾಲೆಯ ನೆಲದ ಮೇಲೆ ಹರಡಿ ಕೂರುತ್ತಿದ್ದರು. ಫ್ಯಾನು ಹಾಕುವಂತಿಲ್ಲ, ಚೀಟಿ ಹಾರಿಹೋಗುತ್ತದೆ. ದೊಡ್ಡ ತೊಡಕು ಭಾಷೆಯ ಪೀರಿಯಡ್ಡಿನದು. ಒಂದೇ ತರಗತಿ ಆ ಗಂಟೆಗೆ ಒಡೆದು ಕೆಲವರು ಕನ್ನಡಕ್ಕೆ, ಕೆಲವರು ಸಂಸ್ಕೃತಕ್ಕೆ ಹೋಗಬೇಕು. ಇಬ್ಬರು ಮೇಷ್ಟರೂ ಎರಡು ಕೋಣೆಗಳೂ ಒಟ್ಟಿಗೆ ಬಿಡುವಾಗಿರಬೇಕು. ಆದ್ದರಿಂದ ಆ ಚೀಟಿಗಳನ್ನು ಮೊದಲು ಇಟ್ಟು, ಉಳಿದವನ್ನು ಸುತ್ತ ಜೋಡಿಸುತ್ತಿದ್ದರು. ಮಲ್ಲೇಶ್ವರದಿಂದ ಮೆಜೆಸ್ಟಿಕ್ಕಿನಲ್ಲಿ ಬಸ್ಸು ಬದಲಿಸಿ ಬರುವವರಿಗೆ ಮೊದಲ ಗಂಟೆ ಬೇಡ, ಹಾಸಿಗೆ ಹಿಡಿದ ತಾಯಿಯಿರುವವರಿಗೆ ಕೊನೆಯ ಗಂಟೆ ಬೇಡ. ಇದನ್ನೆಲ್ಲ ಯಾರೂ ಅರ್ಜಿ ಬರೆದುಕೊಟ್ಟಿರಲಿಲ್ಲ. ಅವರಿಗೆ ಗೊತ್ತಿತ್ತು, ಅಷ್ಟೆ.

ಈ ಚೀಟಿಯಾಟವನ್ನು ದೊಡ್ಡ ಗಣಿತಜ್ಞರೂ ಆಡಿದ್ದಾರೆಂಬುದು ನನಗೆ ತಿಳಿದದ್ದು ಬಹಳ ತಡವಾಗಿ. ಹಂಗೆರಿಯ ಡೇನೆಶ್ ಕ್ಯೋನಿಗ್ 1916ರಲ್ಲಿ ಸಾಧಿಸಿದ ಪ್ರಮೇಯವೊಂದುಂಟು. ವೇಳಾಪಟ್ಟಿಯ ಭಾಷೆಯಲ್ಲಿ ಅದರ ತಾತ್ಪರ್ಯವಿಷ್ಟು: ಯಾವ ಮೇಷ್ಟರಿಗೂ ಯಾವ ತರಗತಿಗೂ ವಾರದಲ್ಲಿರುವ ಪೀರಿಯಡ್ಡುಗಳಿಗಿಂತ ಹೆಚ್ಚು ಪಾಠವಿಲ್ಲದಿದ್ದರೆ, ಒಬ್ಬರಿಗೊಬ್ಬರು ಅಡ್ಡ ಬಾರದ ಪಟ್ಟಿ ಇದ್ದೇ ಇರುತ್ತದೆ. ಟೊರಾಂಟೊ ವಿಶ್ವವಿದ್ಯಾನಿಲಯದ ಕ್ಯಾಲ್ವಿನ್ ಗಾಟ್ಲಿಬ್ 1962ರಲ್ಲಿ ಮ್ಯೂನಿಚ್ಚಿನ ಸಮ್ಮೇಳನದಲ್ಲಿ, ತರಗತಿ ಮತ್ತು ಮೇಷ್ಟರನ್ನು ಕಂಪ್ಯೂಟರಿನಿಂದ ಹೊಂದಿಸುವ ವಿಧಾನವನ್ನು ಮಂಡಿಸಿದ. ಇನ್ನೇನು, ಕಷ್ಟ ಮುಗಿಯಿತು ಎನ್ನಬೇಕು. ಆದರೆ 1976ರಲ್ಲಿ ಈವನ್, ಇಟಾಯ್, ಶಮೀರ್ ಎಂಬ ಮೂವರು ಬೇರೊಂದು ಸಂಗತಿಯನ್ನು ತೋರಿಸಿದರು. ‘ಈ ಮೇಷ್ಟರು ಈ ಗಂಟೆಗೆ ಬರಲಾರರು’ ಎಂಬ ನಿರ್ಬಂಧಗಳನ್ನು ಸೇರಿಸಿದೊಡನೆಯೇ ಲೆಕ್ಕ ಕಡುಕಷ್ಟದ ವರ್ಗಕ್ಕೆ ಜಾರುತ್ತದೆ. ಎಲ್ಲ ಸಂದರ್ಭಕ್ಕೂ ಬೇಗ ಉತ್ತರ ಕೊಡುವ ವಿಧಾನ ಅದಕ್ಕೆ ಇಂದಿಗೂ ಸಿಕ್ಕಿಲ್ಲ. ಗಣಿತಕ್ಕೆ ಸುಲಭವಾಗಿ ಒಲಿದದ್ದು ಬಸ್ಸೂ ಹಿಡಿಯದ, ತಾಯಿಯೂ ಇಲ್ಲದ ಮೇಷ್ಟರು.

ರೊಮೇನಿಯಾದ ಲಿವಿಯು ಲಲೆಸ್ಕು 2002ರಲ್ಲಿ ಆರಂಭಿಸಿದ ಎಫ್.ಇ.ಟಿ. ಎಂಬ ತಂತ್ರಾಂಶ ಉಚಿತವಾಗಿ ದೊರೆಯುತ್ತದೆ. ಅದು ಕೂರಿಸಲು ಕಷ್ಟವಾದ ಪಾಠವನ್ನು ಮೊದಲು ಕೂರಿಸುತ್ತದೆ. ಮುಂದೆ ಜಾಗ ಸಾಲದಿದ್ದರೆ ಕೂತವರನ್ನು ಎಬ್ಬಿಸಿ ಬೇರೆಡೆ ಕೂರಿಸಿ ನೋಡುತ್ತದೆ. ಪಡಸಾಲೆಯ ನೆಲದ ಮೇಲೆ ನಡೆಯುತ್ತಿದ್ದುದೂ ಇದೇ.

ನಮ್ಮಲ್ಲಿ ಅರೆಕಾಲಿಕವಾಗಿ ಪಾಠ ಮಾಡುವ ಸಹೋದ್ಯೋಗಿಯೊಬ್ಬರಿದ್ದಾರೆ. ಗಂಟೆಯ ಲೆಕ್ಕವೇ ಅಂಥವರ ಜೀವನ. ಸರ್ಕಾರಿ ಪ್ರಥಮದರ್ಜೆ ಕಾಲೇಜುಗಳ ಅತಿಥಿ ಉಪನ್ಯಾಸಕರಿಗೆ 2022ರಲ್ಲಿ ವಾರಕ್ಕೆ 15 ಗಂಟೆ ನಿಗದಿಯಾದಾಗ, ಇರುವ ಗಂಟೆಗಳು ಕೆಲವರಿಗೇ ಹಂಚಿಹೋಗಿ ಉಳಿದವರು ಮನೆಗೆ ಹೋಗಬೇಕಾಗುತ್ತದೆಂದು ಅವರಲ್ಲಿ ಅನೇಕರು ಪ್ರತಿಭಟಿಸಿದ್ದರು. ಈ ಸಹೋದ್ಯೋಗಿ ಬೆಳಗ್ಗೆ ನಮ್ಮಲ್ಲಿ ಪಾಠ ಮುಗಿಸಿ, ಮಧ್ಯಾಹ್ನ ಚಾಮರಾಜಪೇಟೆಯ ಇನ್ನೊಂದು ಕಾಲೇಜಿಗೆ ಓಡುತ್ತಾರೆ. ಕಳೆದ ಸಲ ಯಂತ್ರದ ಪಟ್ಟಿ ಅವರಿಗೆ ಗುರುವಾರದ ಕೊನೆಯ ಗಂಟೆ ಕೊಟ್ಟಿತು. ಯಂತ್ರದ ತಪ್ಪಲ್ಲ, ಅವರ ಮಧ್ಯಾಹ್ನದ ಸಂಗತಿಯನ್ನು ಯಾರೂ ಅದಕ್ಕೆ ಹೇಳಿರಲಿಲ್ಲ. ಹೇಳಿದ ಮೇಲೆ, ಒಂದು ಪಾಠವನ್ನು ಕೂರಿಸಲಾಗದೆಂದು ಅದು ಕೈಚೆಲ್ಲಿತು.

‘ಇರಲಿ ಬಿಡಿ ಸಾರ್, ಅಲ್ಲಿಯದನ್ನೇ ಬಿಟ್ಟುಬಿಡ್ತೀನಿ,’ ಎಂದರು ಅವರು.

ನಿರ್ಬಂಧಗಳ ಪಟ್ಟಿಯನ್ನು ಒಂದೊಂದಾಗಿ ತೆಗೆದು ನೋಡಿದೆವು. ಅದರಲ್ಲಿ ನನ್ನ ಹೆಸರಿನದೂ ಒಂದಿತ್ತು: ಯಾವ ದಿನವೂ ಕೊನೆಯ ಗಂಟೆ ಬೇಡ. ಸೆಮಿಸ್ಟರಿನ ಆರಂಭದಲ್ಲಿ ಕೇಳಿದಾಗ ಸುಮ್ಮನೆ ಬರೆಸಿದ್ದೆ. ಮನೆಗೆ ಬೇಗ ಹೋಗುವ ಆಸೆಯ ಹೊರತು ಅದಕ್ಕೆ ಬೇರೆ ಕಾರಣವಿರಲಿಲ್ಲ. ಅದನ್ನು ಅಳಿಸಿದೊಡನೆ ಎರಡು ನಿಮಿಷದಲ್ಲಿ ಪಟ್ಟಿ ಸಿದ್ಧವಾಯಿತು. ಗುರುವಾರ ಬೆಳಗ್ಗೆ ಅವರ ಪಾಠ. ಕೊನೆಯ ಗಂಟೆ ನನ್ನದು.