ಗಿರಣಿಯ ‘ಟಕ್ ಟಕ್’ ಎಲ್ಲಿಂದ ಬರುತ್ತೆ? ತುಂಡಾದ ಬೆಲ್ಟು ಕೂಡಿಸಿದವರ ಕಥೆ

ಇವತ್ತಿನ ಎಪಿಸೋಡ್ ಒಂದು ಸದ್ದಿನಿಂದ ಶುರು ಮಾಡೋಣ.

ನಾನು ಚಿಕ್ಕವನಿದ್ದಾಗ ಗಾಂಧಿನಗರದ ಒಂದು ಕ್ರಾಸಿನಲ್ಲಿ ಹಿಟ್ಟಿನ ಗಿರಣಿ ಇತ್ತು. ಅಜ್ಜಿ ರಾಗಿ ಡಬ್ಬ ಕೈಗೆ ಕೊಟ್ಟು ಕಳಿಸೋರು. ಹಿಟ್ಟು ಬೀಳೋವರೆಗೂ ಬಾಗಿಲಲ್ಲೇ ನಿಂತಿರಬೇಕು. ಒಳಗೆ ಕಿವಿಗಡಚಿಕ್ಕುವ ಗದ್ದಲ. ಆದರೆ ಆ ಗದ್ದಲದೊಳಗೆ ಇನ್ನೊಂದು ಸದ್ದು ಲಯ ತಪ್ಪದೆ ಕೇಳ್ತಿತ್ತು: ಟಕ್ ಟಕ್, ಟಕ್ ಟಕ್. ಕಲ್ಲಿಗೆ ಏನೋ ಸಿಕ್ಕಿಕೊಂಡಿದೆ ಅಂತ ನಾನು ಅಂದುಕೊಂಡಿದ್ದೆ. ಒಂದು ದಿನ ಗಿರಣಿಯವರನ್ನೇ ಕೇಳಿದೆ.

“ಅದು ಬೆಲ್ಟಿನ ಜಾಯಿಂಟು ಪುಟ್ಟಾ. ಪುಲ್ಲಿ ಮೇಲೆ ಬಂದಾಗೆಲ್ಲ ಹೊಡ್ಕೊಳ್ಳುತ್ತೆ. ಆ ಸದ್ದು ಬದಲಾಯ್ತು ಅಂದ್ರೆ ಮೋಟಾರ್ ಆಫ್ ಮಾಡಬೇಕು. ನೀನು ಅಲ್ಲೇ ನಿಂತ್ಕೊ, ಒಳಗೆ ಬರಬೇಡ” ಅಂದರು.

ಅವರು ಚಳಿಗಾಲದಲ್ಲೂ ಮೈಗಂಟಿದ ಬನಿಯನ್ನು, ಖಾಕಿ ಚಡ್ಡಿಯಲ್ಲೇ ಇರೋರು. ಸೆಕೆ ಜಾಸ್ತಿ ಅದಕ್ಕೆ ಅಂತ ನನ್ನ ಲೆಕ್ಕ. ನಿಜವಾದ ಕಾರಣ ಹೊಳೆದದ್ದು ಎಷ್ಟೋ ವರ್ಷಗಳ ಮೇಲೆ, ಒಂದು ಕಾನೂನಿನ ಪುಸ್ತಕ ಓದುವಾಗ. ಅದಕ್ಕೆ ಆಮೇಲೆ ಬರ್ತೀನಿ. ಇವತ್ತು ಆ ಜಾಯಿಂಟಿನ ಕಥೆ. ಬೆಲ್ಟು ತುಂಡಾದರೆ ಅದನ್ನ ಹೇಗೆ ಕೂಡಿಸ್ತಿದ್ದರು, ಯಾವ ಯಾವ ಸಾಧನ ಬಂದವು, ಮತ್ತು ಬೆರಳಗಲದ ಆ ಜಾಗದ ಬಗ್ಗೆ ದೇಶದ ಕಾನೂನು ಯಾಕೆ ತಲೆ ಕೆಡಿಸಿಕೊಂಡಿತು.

ಮೊದಲು ಸ್ವಲ್ಪ ಹಿಂದೆ ಹೋಗೋಣ. ಗಾಂಧಿನಗರ ಅಂದ್ರೆ ಈಗ ನಮಗೆ ಸಿನಿಮಾ ಆಫೀಸು, ಲಾಡ್ಜು, ಮೆಜೆಸ್ಟಿಕ್. ಆದರೆ ಇದರ ಸುತ್ತ ಒಂದು ಕಾಲದಲ್ಲಿ ಬಟ್ಟೆ ಮಿಲ್ಲುಗಳಿದ್ದವು. ಉತ್ತರಕ್ಕೆ ಸಂಪಿಗೆ ರಸ್ತೆ ಕಡೆ ಹೋದರೆ ಜನ ರಾಜಾ ಮಿಲ್ ಅಂತ ಕರೀತಿದ್ದ ಮಿಲ್ಲು. ಪಶ್ಚಿಮದ ಕಡೆ ಬಿನ್ನಿ ಮಿಲ್ಲು, ಮಿನರ್ವ ಮಿಲ್ಲು. ರಾಜಾ ಮಿಲ್ಲು, ಬಿನ್ನಿ ಮಿಲ್ಲುಗಳ ಬೇರು 1880ರ ದಶಕದಲ್ಲಿದೆ. ಆಗ ಬೆಂಗಳೂರಿಗೆ ಕರೆಂಟೇ ಬಂದಿರಲಿಲ್ಲ. ಶಿವನಸಮುದ್ರದ ವಿದ್ಯುತ್ತು 1902ರಲ್ಲಿ ಮೊದಲು ಕೋಲಾರದ ಚಿನ್ನದ ಗಣಿಗೆ ಹೋಯಿತು. ಬೆಂಗಳೂರಿನ ಬೀದಿಗೆ ದೀಪ ಬಂದದ್ದು 1905ರಲ್ಲಿ.

ಹಾಗಾದರೆ ಆ ಕಾಲದ ಮಿಲ್ಲುಗಳಲ್ಲಿ ನೂರಾರು ಯಂತ್ರ ಓಡ್ತಿದ್ದದ್ದು ಹೇಗೆ? ಒಂದು ಕಡೆ ದೊಡ್ಡ ಹಬೆ ಎಂಜಿನ್. ಅದು ಛಾವಣಿ ಹತ್ತಿರ ಉದ್ದಕ್ಕೆ ಹಾಯ್ದಿರುವ ಕಬ್ಬಿಣದ ಕಂಬಿಯನ್ನ ತಿರುಗಿಸುತ್ತೆ. ಇದಕ್ಕೆ ಲೈನ್ ಶಾಫ್ಟ್ ಅಂತ ಹೆಸರು. ಶಾಫ್ಟಿನ ಮೇಲೆ ಸಾಲು ಸಾಲು ಪುಲ್ಲಿಗಳು. ಪ್ರತಿ ಪುಲ್ಲಿಯಿಂದ ಒಂದೊಂದು ಚರ್ಮದ ಬೆಲ್ಟು ಕೆಳಗಿಳಿದು ಒಂದೊಂದು ಮಗ್ಗವನ್ನೋ, ನೂಲಿನ ಯಂತ್ರವನ್ನೋ ಓಡಿಸುತ್ತೆ. ಅಂದರೆ ಒಂದೇ ಎಂಜಿನ್, ನೂರು ಬೆಲ್ಟು. ಕರೆಂಟು ಬಂದ ಮೇಲೂ ಎಷ್ಟೋ ಕಾರ್ಖಾನೆಗಳಲ್ಲಿ ಹಬೆ ಎಂಜಿನ್ ಜಾಗಕ್ಕೆ ದೊಡ್ಡ ಮೋಟಾರು ಬಂತು, ಅಷ್ಟೇ. ಮೇಲಿನ ಶಾಫ್ಟು, ಬೆಲ್ಟು ಹಾಗೇ ಉಳಿದವು.

ಈಗ ನೀವು ಕೇಳಬಹುದು, ಬೆಲ್ಟಿಗೆ ಜಾಯಿಂಟು ಯಾಕೆ ಬೇಕು? ಬಳೆ ಥರ ಒಂದೇ ಸುತ್ತಾಗಿ ಮಾಡಬಾರದಿತ್ತಾ? ಎರಡು ಕಾರಣ ಇದೆ. ಒಂದು, ಚರ್ಮದ ಉದ್ದಕ್ಕೆ ಮಿತಿ ಇದೆ. ದನದ ಬೆನ್ನಿನ ಭಾಗದ ಚರ್ಮ ಎಲ್ಲಕ್ಕಿಂತ ಗಟ್ಟಿ. ಅದರಿಂದ ಪಟ್ಟಿ ಕೊಯ್ದು, ಒಂದಕ್ಕೊಂದು ಸೇರಿಸಿಯೇ ಉದ್ದ ಮಾಡಬೇಕು. ಎರಡನೆಯದು ಇನ್ನೂ ಮುಖ್ಯ. ಶಾಫ್ಟು ಅಲ್ಲಲ್ಲಿ ಬೇರಿಂಗ್ ಮೇಲೆ ಕೂತಿರುತ್ತೆ. ಸುತ್ತಾಗಿರೋ ಬೆಲ್ಟನ್ನ ಅದಕ್ಕೆ ಹಾಕಬೇಕಾದರೆ ಇಡೀ ಶಾಫ್ಟನ್ನೇ ಬಿಚ್ಚಬೇಕು. ಬಳೆಯನ್ನ ಕೈಗೆ ಹಾಕ್ಕೋಬಹುದು, ಎರಡೂ ತುದಿ ಗೋಡೆಗೆ ಸೇರಿರೋ ಕಂಬಿಗೆ ಹಾಕೋಕಾಗಲ್ಲ. ಹಾಗಾಗಿ ಪಟ್ಟಿಯನ್ನ ಶಾಫ್ಟಿನ ಮೇಲಿಂದ ಹಾಯಿಸಿ, ಅಲ್ಲೇ ಎರಡು ತುದಿ ಕೂಡಿಸಬೇಕು.

ಸಾಲದ್ದಕ್ಕೆ ಚರ್ಮ ಓಡ್ತಾ ಓಡ್ತಾ ಹಿಗ್ಗುತ್ತೆ. ಹಿಗ್ಗಿದರೆ ಸಡಿಲ, ಸಡಿಲವಾದರೆ ಪುಲ್ಲಿ ಮೇಲೆ ಜಾರುತ್ತೆ. ಆಗ ಜಾಯಿಂಟು ಬಿಚ್ಚಿ, ಸ್ವಲ್ಪ ಕತ್ತರಿಸಿ, ಮತ್ತೆ ಕೂಡಿಸಬೇಕು. ಬೆಲ್ಟು ತುಂಡಾಗದೇ ಇದ್ದರೂ ಈ ಕೆಲಸ ತಪ್ಪಿದ್ದಲ್ಲ.

ಕೂಡಿಸುವ ಹಳೆಯ ದಾರಿ ಅಂಟು. ಎರಡೂ ತುದಿಯನ್ನ ಉದ್ದಕ್ಕೆ ಓರೆಯಾಗಿ, ದೋಸೆ ಅಂಚಿನಷ್ಟು ತೆಳ್ಳಗೆ ಹೆರೆದು, ಒಂದರ ಮೇಲೊಂದು ಇಟ್ಟು, ಅಂಟು ಹಾಕಿ ಒತ್ತಿಡೋದು. ಸರಿಯಾಗಿ ಮಾಡಿದರೆ ಇದರಷ್ಟು ಗಟ್ಟಿ ಜಾಯಿಂಟು ಇನ್ನೊಂದಿಲ್ಲ, ಪುಲ್ಲಿ ಮೇಲೆ ಸದ್ದೂ ಮಾಡಲ್ಲ. ಆದರೆ ಅಂಟು ಒಣಗೋವರೆಗೂ ಕಾಯಬೇಕು. ಯಂತ್ರ ನಿಂತರೆ ನಷ್ಟ ಅನ್ನೋ ಮಿಲ್ಲಿನಲ್ಲಿ ಕಾಯೋಕೆ ಯಾರಿಗೆ ಪುರುಸೊತ್ತು?

ಅದಕ್ಕೆ ಬಂದದ್ದು ಹೊಲಿಗೆ. ಇದು ಹೆಚ್ಚೂ ಕಡಿಮೆ ಶೂ ಲೇಸ್ ಕಟ್ಟಿದ ಹಾಗೆ. ಬೆಲ್ಟಿನ ತುದಿಗಳನ್ನ ಮೂಲೆಮಟ್ಟ ಇಟ್ಟು ನೇರವಾಗಿ ಕತ್ತರಿಸಬೇಕು. ಸ್ವಲ್ಪ ಓರೆಯಾದರೂ ಬೆಲ್ಟು ಪುಲ್ಲಿ ಮೇಲೆ ಆ ಕಡೆ ಈ ಕಡೆ ಎಳೆಯುತ್ತೆ. ಆಮೇಲೆ ಎರಡೂ ತುದಿಯಲ್ಲಿ ಸಾಲಾಗಿ ತೂತು ಹೊಡೆದು, ತೆಳ್ಳನೆಯ ತೊಗಲಿನ ದಾರ ಪೋಣಿಸಬೇಕು. ಇದರಲ್ಲೊಂದು ಗುಟ್ಟಿದೆ. ಪುಲ್ಲಿಗೆ ತಾಗುವ ಒಳಬದಿಯಲ್ಲಿ ದಾರ ಬೆಲ್ಟಿನ ಉದ್ದಕ್ಕೆ ನೇರವಾಗಿ ಹೋಗಬೇಕು. ಅಡ್ಡಡ್ಡ ಹಾಯುವ ಹೊಲಿಗೆಯೆಲ್ಲ ಹೊರಬದಿಗೆ ಬರಬೇಕು. ಇಲ್ಲದಿದ್ದರೆ ಒಂದರ ಮೇಲೊಂದು ಹತ್ತಿದ ದಾರ ಪುಲ್ಲಿಗೆ ಉಜ್ಜಿ ಬೇಗ ಸವೆಯುತ್ತೆ. ಇನ್ನೊಂದು ವಿಷಯ, ತೂತು ಜಾಸ್ತಿ ಆದಷ್ಟೂ ಚರ್ಮ ಬಲ ಕಳ್ಕೊಳ್ಳುತ್ತೆ. ಅದಕ್ಕೇ ಎಲ್ಲ ತೂತನ್ನೂ ಒಂದೇ ಗೆರೆಯಲ್ಲಿ ಹೊಡೆಯದೆ, ಎರಡು ಸಾಲಿನಲ್ಲಿ ಹಿಂದೆ ಮುಂದೆ ಹೊಡೀತಿದ್ದರು.

ದೊಡ್ಡ ಬೆಲ್ಟಿನ ಎರಡು ತುದಿಯನ್ನ ಬರೀ ಕೈಯಲ್ಲಿ ಎಳೆದು ಹತ್ತಿರ ತರೋಕಾಗಲ್ಲ. ಅದಕ್ಕೊಂದು ಕ್ಲಾಂಪ್ ಇತ್ತು. ಎರಡು ಜೊತೆ ಪಟ್ಟಿ, ಮಧ್ಯೆ ಎರಡು ಉದ್ದನೆಯ ಸ್ಕ್ರೂ. ತಿರುಗಿಸಿದ ಹಾಗೆ ತುದಿಗಳು ಹತ್ತಿರ ಬರುತ್ತವೆ, ನೀವು ನಿಧಾನಕ್ಕೆ ಹೊಲೀಬಹುದು.

ಆಮೇಲೆ ಬಂತು ಲೋಹ. 1907ರಲ್ಲಿ ಅಮೆರಿಕದ ಶಿಕಾಗೋದಲ್ಲಿ ಫ್ಲೆಕ್ಸಿಬಲ್ ಸ್ಟೀಲ್ ಲೇಸಿಂಗ್ ಅನ್ನೋ ಕಂಪನಿ ಶುರುವಾಯಿತು. ಅವರ ಸಾಧನದ ಹೆಸರು ‘ಅಲಿಗೇಟರ್’, ಅಂದರೆ ಮೊಸಳೆ. ಹೆಸರು ಸರಿಯಾಗೇ ಇದೆ. ಹಲ್ಲಿರುವ ಉಕ್ಕಿನ ಪಟ್ಟಿಯನ್ನ ಬೆಲ್ಟಿನ ತುದಿಗೆ ಬಾಯಿ ಥರ ಕೂಡಿಸಿ ಸುತ್ತಿಗೆಯಲ್ಲಿ ಹೊಡೆದರೆ, ಹಲ್ಲು ಚರ್ಮವನ್ನ ಕಚ್ಚಿಕೊಳ್ಳುತ್ತೆ. ಎರಡೂ ತುದಿಯಲ್ಲಿ ಹೀಗೆ ಮಾಡಿ, ಕುಣಿಕೆಗಳನ್ನ ಒಂದರೊಳಗೊಂದು ಕೂರಿಸಿ, ಮಧ್ಯೆ ಒಂದು ಪಿನ್ನು ತೂರಿಸಿದರೆ ಮುಗೀತು. ಬಾಗಿಲಿನ ಹಿಂಜಸ್ಸು ನೋಡಿ, ಅದೇ ತತ್ವ. ಪಿನ್ನು ಎಳೆದರೆ ಬೆಲ್ಟು ಬಿಚ್ಚುತ್ತೆ, ತೂರಿಸಿದರೆ ಕೂಡುತ್ತೆ. ತೂತು, ಹೊಲಿಗೆ, ಅಂಟು ಯಾವುದೂ ಬೇಡ. ‘ಕ್ಲಿಪ್ಪರ್’ ಅನ್ನೋ ಇನ್ನೊಂದು ಬಗೆಯಲ್ಲಿ ಉಕ್ಕಿನ ಪಟ್ಟಿ ಬದಲು ತಂತಿಯ ಕೊಕ್ಕೆಗಳ ಸಾಲು. ಅದನ್ನ ಒತ್ತೋಕೆ ಒಂದು ಪುಟ್ಟ ಪ್ರೆಸ್ಸು ಬೇಕು. ನಮ್ಮ ಗಿರಣಿಯ ಟಕ್ ಟಕ್ ಇಂಥ ಲೋಹದ ಜಾಯಿಂಟಿನದು.

ಇದೆಲ್ಲ ಮಿಲ್ಲಿನ ಮಾತಾಯ್ತು, ನಮಗೇನು ಅನ್ನಬೇಡಿ. ನಿಮ್ಮ ಅಜ್ಜಿ ಮನೆಯಲ್ಲಿ ಕಾಲಲ್ಲಿ ತುಳಿಯುವ ಹೊಲಿಗೆ ಮಿಷನ್ ಇದ್ದರೆ ಹೋಗಿ ನೋಡಿ. ಕೆಳಗಿನ ದೊಡ್ಡ ಚಕ್ರದಿಂದ ಮೇಲಿನ ಚಿಕ್ಕ ಚಕ್ರಕ್ಕೆ ಒಂದು ದುಂಡನೆಯ ಚರ್ಮದ ಹಗ್ಗ ಇರುತ್ತೆ. ಅದರ ಎರಡು ತುದಿಯನ್ನ ಹಿಡಿದಿರೋದು ಒಂದೇ ಒಂದು ತಂತಿ ಕೊಕ್ಕೆ. ಸಡಿಲ ಆದಾಗ ನಮ್ಮಜ್ಜಿ ಕೊಕ್ಕೆ ಬಿಚ್ಚಿ, ಕಾಲಿಂಚು ಕತ್ತರಿಸಿ, ದಬ್ಬಳದಲ್ಲಿ ಹೊಸ ತೂತು ಮಾಡಿ, ಇಕ್ಕಳದಲ್ಲಿ ಮತ್ತೆ ಒತ್ತೋರು. ಮಿಲ್ಲಿನ ಮೇಸ್ತ್ರಿ ಮಾಡ್ತಿದ್ದದ್ದೂ ಇದೇ ಕೆಲಸ.

ಒಂದೇ ವ್ಯತ್ಯಾಸ, ವೇಗ. ಒಂದು ಸಣ್ಣ ಲೆಕ್ಕ ಹಾಕೋಣ. ಸಾಮಾನ್ಯ ಮೋಟಾರು ನಿಮಿಷಕ್ಕೆ ಸುಮಾರು 1440 ಸುತ್ತು, ಅಂದರೆ ಸೆಕೆಂಡಿಗೆ 24 ಸುತ್ತು ತಿರುಗುತ್ತೆ. ಅದರ ಪುಲ್ಲಿ 15 ಸೆಂಟಿಮೀಟರ್ ಅಗಲ ಇದ್ದರೆ ಸುತ್ತಳತೆ 47 ಸೆಂಟಿಮೀಟರ್. ಗುಣಿಸಿದರೆ ಬೆಲ್ಟು ಸೆಕೆಂಡಿಗೆ 11 ಮೀಟರಿಗಿಂತ ಜಾಸ್ತಿ ಓಡುತ್ತೆ. ಗಂಟೆಗೆ 40 ಕಿಲೋಮೀಟರ್! ಮೆಜೆಸ್ಟಿಕ್ ಸುತ್ತ ಯಾವ ಬಸ್ಸೂ ಅಷ್ಟು ಓಡಲ್ಲ. ಆ ವೇಗದಲ್ಲಿ ಹೋಗ್ತಿರೋ ಬೆಲ್ಟಿನ ಮೇಲೆ ಒಂದು ಉಕ್ಕಿನ ಹಲ್ಲು ಸ್ವಲ್ಪ ಮೇಲೆದ್ದಿದೆ ಅಂದ್ಕೊಳ್ಳಿ. ಪಕ್ಕದಲ್ಲಿ ನಿಂತವರ ತೋಳು, ಪಂಚೆ, ಸೆರಗು, ಜಡೆ, ಯಾವುದಾದರೂ ಅದಕ್ಕೆ ಸಿಕ್ಕರೆ ಬೆಲ್ಟು ಬಿಡಲ್ಲ, ಪುಲ್ಲಿ ಕಡೆಗೆ ಎಳ್ಕೊಂಡು ಹೋಗುತ್ತೆ. ಕೈ ಹಿಂದಕ್ಕೆ ತಗೊಳ್ಳೋಕೆ ಸಮಯವೇ ಇರಲ್ಲ.

ಅಪಾಯ ಇನ್ನೂ ಹೆಚ್ಚಾಗಿದ್ದದ್ದು ಬೆಲ್ಟು ಜಾರಿ ಬಿದ್ದಾಗ. ಒಂದು ಮಗ್ಗದ ಬೆಲ್ಟು ಬಿತ್ತು ಅಂತ ಇಡೀ ಎಂಜಿನ್ ನಿಲ್ಲಿಸಿದರೆ ಉಳಿದ ಯಂತ್ರಗಳೆಲ್ಲ ನಿಲ್ಲುತ್ತವೆ. ಹಾಗಾಗಿ ಒಬ್ಬ ಏಣಿ ಹತ್ತಿ, ತಿರುಗುತ್ತಿರುವ ಪುಲ್ಲಿಗೇ ಕೈಯಿಂದ ಬೆಲ್ಟು ಏರಿಸಬೇಕಿತ್ತು. ಎಲ್ಲರ ಕೆಲಸ ನಿಲ್ಲಬಾರದು ಅಂತ ಒಬ್ಬನ ಕೈ ಪಣಕ್ಕೆ.

ಈಗ ಆ ಕಾನೂನಿನ ಪುಸ್ತಕಕ್ಕೆ ಬರೋಣ. ಸ್ವಾತಂತ್ರ್ಯ ಬಂದ ಮರುವರ್ಷ, 1948ರಲ್ಲಿ, ಫ್ಯಾಕ್ಟರೀಸ್ ಆಕ್ಟ್ ಬಂತು. ಅದರ 22ನೇ ಸೆಕ್ಷನ್ ಓಡುತ್ತಿರುವ ಯಂತ್ರದ ಹತ್ತಿರ ಮಾಡುವ ಕೆಲಸದ ಬಗ್ಗೆ. ಅದನ್ನ ಓದ್ತಾ ನನಗೆ ಆಶ್ಚರ್ಯವಾಯಿತು. ಓಡುವ ಪುಲ್ಲಿಯಲ್ಲಿ ಬೆಲ್ಟು ಮುಟ್ಟಬೇಕಾದರೆ ಏನೇನಿರಬೇಕು ಅಂತ ಒಂದೊಂದಾಗಿ ಬರೆದಿದ್ದಾರೆ. ಬೆಲ್ಟಿನ ಅಗಲ 15 ಸೆಂಟಿಮೀಟರ್ ಮೀರಬಾರದು. ಜಾಯಿಂಟು ದಾರದಲ್ಲಿ ಹೊಲಿದದ್ದಾಗಿರಬೇಕು, ಇಲ್ಲವೇ ಬೆಲ್ಟಿನ ಮಟ್ಟಕ್ಕೆ ಸಮನಾಗಿರಬೇಕು. ಬೆಲ್ಟು, ಜಾಯಿಂಟು, ಪುಲ್ಲಿಯ ಅಂಚು ಮೂರೂ ಒಳ್ಳೆ ಸ್ಥಿತಿಯಲ್ಲಿರಬೇಕು. ಕಾಲಿಡೋಕೆ ಭದ್ರವಾದ ಜಾಗ ಬೇಕು. ಏಣಿಯನ್ನ ಗಟ್ಟಿಯಾಗಿ ಕಟ್ಟಿರಬೇಕು, ಇಲ್ಲವೇ ಇನ್ನೊಬ್ಬರು ಹಿಡ್ಕೊಂಡಿರಬೇಕು. ಈ ಕೆಲಸಕ್ಕೆ ತರಬೇತಿ ಪಡೆದವರೇ ಬೇಕು, ಅವರ ಹೆಸರು ರಿಜಿಸ್ಟರಿನಲ್ಲಿರಬೇಕು. ಅವರು ಮೈಗಂಟಿದ ಬಟ್ಟೆ ಹಾಕಿರಬೇಕು, ಆ ಬಟ್ಟೆಯನ್ನ ಮಾಲೀಕರೇ ಕೊಡಬೇಕು.

ಮೈಗಂಟಿದ ಬಟ್ಟೆ! ಗಿರಣಿಯವರ ಬನಿಯನ್ನು ನೆನಪಾಗಿದ್ದು ಆಗ. ಅವರು ಆ ಸೆಕ್ಷನ್ ಓದಿದ್ದರಾ? ನನಗನ್ನಿಸಲ್ಲ. ಬೆಲ್ಟೇ ಅವರಿಗೆ ಕಲಿಸಿರಬೇಕು.

ಕಾನೂನಿನ ಆ ಒಂದೊಂದು ಮಾತಿನ ಹಿಂದೆಯೂ ಅಂಥದ್ದೇ ಒಂದು ಪಾಠ ಕಾಣುತ್ತೆ. ‘ಏಣಿಯನ್ನ ಇನ್ನೊಬ್ಬರು ಹಿಡಿದಿರಬೇಕು’ ಅಂತ ಯಾರೂ ಸುಮ್ಮನೆ ಕೂತು ಊಹಿಸಿ ಬರೆಯಲ್ಲ.

ಆದರೆ ಆ ಕಾನೂನಿಗೆ ಒಂದು ಗಡಿ ಇತ್ತು. ಕರೆಂಟಿನಿಂದ ಓಡುವ ಜಾಗ ‘ಫ್ಯಾಕ್ಟರಿ’ ಅನ್ನಿಸಿಕೊಳ್ಳಬೇಕಾದರೆ ಅಲ್ಲಿ ಕನಿಷ್ಠ 10 ಜನ ಕೆಲಸ ಮಾಡ್ತಿರಬೇಕು. ಹೊಸ ಲೇಬರ್ ಕೋಡ್‌ಗಳ ಪೈಕಿ ಸುರಕ್ಷತೆಗೆ ಸಂಬಂಧಿಸಿದ 2020ರ ಕೋಡ್‌ನಲ್ಲಿ ಆ ಸಂಖ್ಯೆ 20ಕ್ಕೆ ಏರಿತು. ಒಬ್ಬರೋ ಇಬ್ಬರೋ ನಡೆಸುವ ಗಿರಣಿ, ಕಬ್ಬನ್‌ಪೇಟೆಯಂಥ ಕಡೆ ಮನೆಯೊಳಗೇ ನಾಲ್ಕು ಮಗ್ಗ ಹಾಕ್ಕೊಂಡಿದ್ದ ನೇಕಾರರು, ಇವರೆಲ್ಲ ಸಾಮಾನ್ಯವಾಗಿ ಆ ಗಡಿಯ ಹೊರಗೇ. ಬೆಲ್ಟು ಅದೇ, ಜಾಯಿಂಟು ಅದೇ, ಅಪಾಯವೂ ಅದೇ. ಅಲ್ಲಿ ಏಣಿ ಹಿಡಿಯೋಕೆ ಇನ್ನೊಬ್ಬರೇ ಇರಲ್ಲ.

ಕೊನೆಗೆ ಈ ಜಾಯಿಂಟಿನ ಕಾಲ ಹೇಗೆ ಮುಗೀತು? ಕಾರಣ ಎರಡು. ಮೊದಲನೆಯದು, ಯಂತ್ರಕ್ಕೊಂದು ಮೋಟಾರು ಬಂತು, ಲೈನ್ ಶಾಫ್ಟ್ ಕೆಳಗಿಳಿಯಿತು. ಎರಡನೆಯದು ವಿ-ಬೆಲ್ಟು. 1917ರಲ್ಲಿ ಅಮೆರಿಕದ ಡೆನ್ವರ್‌ನಲ್ಲಿ ಜಾನ್ ಗೇಟ್ಸ್ ಅನ್ನೋರು ರೂಪಿಸಿದ್ದು ಇದು. ಪುಲ್ಲಿಯ ಕಚ್ಚಿನೊಳಗೆ ಬೆಣೆ ಥರ ಕೂತು ಬಿಗಿಯಾಗಿ ಹಿಡಿಯುತ್ತೆ. ಇದನ್ನ ಫ್ಯಾಕ್ಟರಿಯಲ್ಲೇ ಒಂದೇ ಸುತ್ತಾಗಿ ಅಚ್ಚು ಹಾಕಿರ್ತಾರೆ. ಸಡಿಲ ಆದರೆ ಮೋಟಾರನ್ನೇ ಸ್ವಲ್ಪ ಹಿಂದಕ್ಕೆ ಸರಿಸಿದರಾಯ್ತು. ತುಂಡಾದರೆ ಹೊಲಿಯೋ ಪ್ರಶ್ನೆಯೇ ಇಲ್ಲ. ಹಳೇದರ ಮೇಲಿನ ನಂಬರ್ ನೋಡ್ಕೊಂಡು ಎಸ್‌ಜೆಪಿ ರೋಡಿಗೆ ಹೋಗಿ ಹೊಸದು ತರೋದು.

ಇದರಿಂದ ಒಳ್ಳೆಯದೇ ಆಯಿತು, ಅದರಲ್ಲಿ ಅನುಮಾನ ಇಲ್ಲ. ಮೇಲೆ ಜಾಲರಿ ಮುಚ್ಚಿದ ವಿ-ಬೆಲ್ಟು ಎಷ್ಟೋ ಕೈಗಳನ್ನ ಉಳಿಸಿದೆ. ಆದರೆ ತುಂಡಾದದ್ದನ್ನ ಅಲ್ಲೇ ನಿಂತು ಕೂಡಿಸೋ ಕೈಚಳಕಕ್ಕೆ ಕೆಲಸ ಕಡಿಮೆಯಾಯಿತು.

ಇವತ್ತು ರಾಜಾ ಮಿಲ್ಲಿದ್ದ ಜಾಗದಲ್ಲಿ ಮಂತ್ರಿ ಮಾಲ್ ಇದೆ. ಬಿನ್ನಿ ಮಿಲ್ಲಿನ ಜಾಗದಲ್ಲಿ ಅಪಾರ್ಟ್‌ಮೆಂಟುಗಳು ಎದ್ದಿವೆ. ಮಿನರ್ವ ಮಿಲ್ಲಿನ ಹೆಸರು ಕಾನೂನು ಓದುವವರಿಗೆಲ್ಲ ಗೊತ್ತು, 1980ರ ಸುಪ್ರೀಂ ಕೋರ್ಟ್ ತೀರ್ಪಿನಿಂದ. ಸಂವಿಧಾನದ ಮೂಲ ಸ್ವರೂಪವನ್ನ ಸಂಸತ್ತೂ ಬದಲಾಯಿಸುವಂತಿಲ್ಲ ಅಂತ ಮತ್ತೆ ಗಟ್ಟಿಯಾಗಿ ಹೇಳಿದ ತೀರ್ಪು ಅದು. ಈ ಮಿಲ್ಲುಗಳಲ್ಲಿ ಏಣಿ ಹತ್ತಿ ಬೆಲ್ಟು ಏರಿಸಿದವರ ಹೆಸರು ಯಾವ ಪಠ್ಯದಲ್ಲೂ ಇಲ್ಲ. ಇದ್ದರೆ ಹಳೇ ರಿಜಿಸ್ಟರಿನಲ್ಲಿ ಇದ್ದಿರಬೇಕು.

ನಿಮ್ಮ ಏರಿಯಾದಲ್ಲಿ ಇನ್ನೂ ಪಟ್ಟಿ ಬೆಲ್ಟಿನ ಗಿರಣಿ ಇದ್ದರೆ ಒಂದು ಸಲ ಹೋಗಿ. ಇಯರ್‌ಫೋನ್ ತೆಗೆದು, ಬಾಗಿಲಲ್ಲೇ ನಿಂತು ಕೇಳಿ. ಟಕ್ ಟಕ್ ಕೇಳಿಸಿದರೆ ಅದು ಯಾರೋ ಕೈಯಾರೆ ಕೂಡಿಸಿದ ಜಾಯಿಂಟು. ಮತ್ತೆ, ಬೆಲ್ಟಿಗೆ ಜಾಲರಿ ಹಾಕಿದ್ದಾರಾ ಅಂತಲೂ ನೋಡಿ. ಇಲ್ಲದಿದ್ದರೆ ಹಿಟ್ಟು ತಗೊಂಡು ಬರುವಾಗ, “ಅಣ್ಣಾ, ಒಂದು ಜಾಲರಿ ಹಾಕಿಸ್ಬಿಡಿ” ಅಂತ ಹೇಳಿ ಬನ್ನಿ.