ದೋಣಿಯಲ್ಲಿ ನೆಟ್‌ವರ್ಕ್ ಸಿಗದಿರಲು ನೀರು ಕಾರಣವೇ?

"ದೋಣಿಯಲ್ಲಿ ಇಂಟರ್ನೆಟ್ ಬರಲ್ಲ, ನೀರು ಸಿಗ್ನಲ್ ಹೀರಿಕೊಳ್ಳುತ್ತೆ" ಎನ್ನುವುದನ್ನು ನೀವೂ ಕೇಳಿರಬಹುದು. ಇದು ಅರ್ಧ ಸತ್ಯ. ಮೊಬೈಲ್‌ನ ರೇಡಿಯೋ ತರಂಗಗಳು ನೀರಿನೊಳಗೆ ಹೆಚ್ಚು ದೂರ ಸಾಗಲಾರವು, ನಿಜ. ಆದರೆ ನಿಮ್ಮ ಫೋನ್ ಇರುವುದು ನೀರಿನ ಮೇಲೆ. ಟವರ್‌ಗೂ ಫೋನ್‌ಗೂ ನಡುವೆ ನೀರು ಅಡ್ಡ ಬರುವುದೇ ಇಲ್ಲ.

ಹಾಗಾದರೆ ತೊಂದರೆ ಎಲ್ಲಿದೆ? ಇಂಗ್ಲೆಂಡ್‌ನ ಕಾಲುವೆಗಳನ್ನು ನೋಡೋಣ. ಅಲ್ಲಿ ಸುಮಾರು 7 ಅಡಿ ಅಗಲದ, ರೈಲು ಬೋಗಿಯಂತೆ ಉದ್ದನೆಯ 'ನ್ಯಾರೋಬೋಟ್'ಗಳಲ್ಲಿ ಸಾವಿರಾರು ಜನ ವಾಸವಾಗಿದ್ದಾರೆ. ದೋಣಿ ಕಟ್ಟಲು ಕಾಯಂ ಜಾಗವಿಲ್ಲದವರು ಸಾಮಾನ್ಯವಾಗಿ ಒಂದೇ ಕಡೆ 14 ದಿನಕ್ಕಿಂತ ಹೆಚ್ಚು ನಿಲ್ಲುವಂತಿಲ್ಲ. 1995ರ ಕಾನೂನು ಹಾಗೆ ಹೇಳುತ್ತದೆ. ಹೀಗಿರುವಾಗ ಮನೆಗೆ ಎಳೆಸಿದಂತೆ ಕೇಬಲ್ ಎಳೆಸಲಾಗದು. ಆಫೀಸ್ ಕೆಲಸ, ಮಕ್ಕಳ ಪಾಠ ಎಲ್ಲಕ್ಕೂ ಹೆಚ್ಚಾಗಿ ಮೊಬೈಲ್ ಡೇಟಾವೇ ಗತಿ.

ಇಂದಿನ ಬಹುತೇಕ ನ್ಯಾರೋಬೋಟ್‌ಗಳು ಉಕ್ಕಿನವು. ಗೋಡೆ, ಚಾವಣಿ ಎರಡೂ ಉಕ್ಕು. ಲೋಹದ ಪೆಟ್ಟಿಗೆ ರೇಡಿಯೋ ತರಂಗಗಳನ್ನು ತಡೆಯುತ್ತದೆ. ವಿಜ್ಞಾನದಲ್ಲಿ ಇದನ್ನು 'ಫ್ಯಾರಡೆ ಪಂಜರ' ಎನ್ನುತ್ತಾರೆ. ಲಿಫ್ಟ್ ಬಾಗಿಲು ಮುಚ್ಚಿದೊಡನೆ ಕರೆ ಕಟ್ ಆಗುತ್ತದಲ್ಲ, ಅದೇ ಕಥೆ. ಕಿಟಕಿಯಿಂದ ಒಂದಿಷ್ಟು ಸಿಗ್ನಲ್ ಒಳಗೆ ನುಸುಳುತ್ತದೆ, ಅಷ್ಟೇ. ಸಿಗ್ನಲ್ ಕ್ಷೀಣವಾದಷ್ಟೂ ಫೋನ್ ಟವರ್ ತಲುಪಲು ಹೆಚ್ಚು ಶಕ್ತಿ ಬಳಸುತ್ತದೆ, ಬ್ಯಾಟರಿ ಬೇಗ ಇಳಿಯುತ್ತದೆ.

ಪರಿಹಾರ ಸರಳ: ಆಂಟೆನಾವನ್ನು ಪಂಜರದ ಹೊರಗೆ, ಚಾವಣಿಯ ಮೇಲೆ ಇಡುವುದು. ಅಯಸ್ಕಾಂತದ ತಳವಿರುವ ಆಂಟೆನಾ ಉಕ್ಕಿಗೆ ತಾನೇ ಅಂಟಿಕೊಳ್ಳುತ್ತದೆ (ತೊಂದರೆ ಕೊಟ್ಟ ಉಕ್ಕಿನಿಂದ ಇಷ್ಟಾದರೂ ಉಪಕಾರ). ಅಲ್ಲಿಂದ ಕೇಬಲ್ ಮೂಲಕ ಒಳಗಿನ ಸಿಮ್ ಹಾಕುವ ರೂಟರ್‌ಗೆ ಸಂಪರ್ಕ ಕೊಡುತ್ತಾರೆ. ದೋಣಿಯ 12 ವೋಲ್ಟ್ ಬ್ಯಾಟರಿಯಿಂದಲೇ ನಡೆಯುವ ರೂಟರ್‌ಗಳಿವೆ. ಕೇಬಲ್ ಉದ್ದವಾದಷ್ಟೂ ಸಿಗ್ನಲ್ ಸೋರುತ್ತದೆ, ಹಾಗಾಗಿ ಚಿಕ್ಕದಿರಲಿ. ಸೇತುವೆಗಳು ತಗ್ಗಾಗಿರುವುದರಿಂದ ಎತ್ತರದ ಆಂಟೆನಾ ಮಡಚುವಂತಿರಬೇಕು. ಒಂದು ಕಂಪನಿಯ ನೆಟ್‌ವರ್ಕ್ ಇಲ್ಲದ ಕಡೆ ಇನ್ನೊಂದರದು ಸಿಗಬಹುದು, ಎರಡು ಸಿಮ್ ಇದ್ದರೆ ಒಳ್ಳೆಯದು. ಉಪಗ್ರಹ ಇಂಟರ್ನೆಟ್‌ಗೆ ತೆರೆದ ಆಕಾಶ ಬೇಕು. ದಡದ ಮರಗಳು ಅಡ್ಡಿಯಾಗುತ್ತವೆ, ವಿದ್ಯುತ್ ಖರ್ಚೂ ಜಾಸ್ತಿ.

ಫೋನ್ ಹಿಂದೆ ಅಂಟಿಸುವ 'ಸಿಗ್ನಲ್ ಬೂಸ್ಟರ್' ಸ್ಟಿಕ್ಕರ್‌ಗೆ ಹಣ ಹಾಕಬೇಡಿ. ಅದಕ್ಕೆ ವಿದ್ಯುತ್ತೂ ಇಲ್ಲ, ಆಂಟೆನಾ ಜೊತೆ ಸಂಪರ್ಕವೂ ಇಲ್ಲ. ಅಲ್ಯೂಮಿನಿಯಂ ಫಾಯಿಲ್ ಸುತ್ತಿದರೆ ಫೋನ್‌ಗೆ ಇನ್ನೊಂದು ಪಂಜರ ಕಟ್ಟಿದಂತೆ! ಇನ್ನು ನಿಜವಾದ ಬೂಸ್ಟರ್ ಯಂತ್ರಗಳನ್ನು ಅನುಮತಿಯಿಲ್ಲದೆ ಅಳವಡಿಸುವುದು ಭಾರತದಲ್ಲಿ ಕಾನೂನುಬಾಹಿರ.

ತುರ್ತು ಸಂದರ್ಭದಲ್ಲಿ ಒಳಗೆ ಕುಳಿತು ಮತ್ತೆ ಮತ್ತೆ ಡಯಲ್ ಮಾಡಬೇಡಿ. ಹೊರಗೆ ಬಂದು 999 ಅಥವಾ 112ಕ್ಕೆ ಕರೆ ಮಾಡಿ. ಬ್ರಿಟನ್‌ನಲ್ಲಿ ನಿಮ್ಮ ಕಂಪನಿಯ ನೆಟ್‌ವರ್ಕ್ ಇಲ್ಲದಿದ್ದರೂ ಬೇರೆ ಕಂಪನಿಯದರ ಮೂಲಕ ತುರ್ತು ಕರೆ ಹೋಗುತ್ತದೆ. ಕಾಲುವೆಯ ಸೇತುವೆಗಳಿಗೆ ಸಾಮಾನ್ಯವಾಗಿ ನಂಬರ್ ಇರುತ್ತದೆ. ಕಾಲುವೆಯ ಹೆಸರಿನ ಜೊತೆ ಹತ್ತಿರದ ಸೇತುವೆಯ ನಂಬರ್ ಹೇಳಿ, ನೀವಿರುವ ಜಾಗ ಹುಡುಕಲು ಸುಲಭವಾಗುತ್ತದೆ.